ಗೋಡೆಯ ಮೇಲಿನ ಹಳೆಯ ಕಾವಲು

ಗದಗ-ಬೆಟಗೇರಿಯ ಬಡಾವಣೆಗಳಲ್ಲಾಗಲಿ ಲಕ್ಷ್ಮೇಶ್ವರದ ಪೇಟೆಯಲ್ಲಾಗಲಿ ಕಳ್ಳರ ಅಲಾರಂ ಇರುವ ಮನೆಗಳು ಹೆಚ್ಚೇನೂ ಇಲ್ಲ. ನಮ್ಮ ಜನರು ಬಹುಮಟ್ಟಿಗೆ ನಂಬಿರುವುದು ಬೀಗವನ್ನು, ನಾಯಿಯನ್ನು, ಪಕ್ಕದ ಮನೆಯವರನ್ನು. ಮುಂಡರಗಿ, ಶಿರಹಟ್ಟಿ ಕಡೆಯ ತಾಂಡಾಗಳಿಂದ ದುಡಿಮೆಗಾಗಿ ಗೋವೆಗೋ ಮಂಗಳೂರಿಗೋ ಹೊರಡುವವರು ನೆರೆಯವರಿಗೆ "ಮನಿ ಕಡೆ ಸ್ವಲ್ಪ ಲಕ್ಷ್ಯ ಇರಲಿ" ಎಂದು ಹೇಳಿ ಹೋಗುತ್ತಾರೆ. ಅವರ ಭದ್ರತಾ ವ್ಯವಸ್ಥೆ ಅಷ್ಟೇ. ಆದರೂ ವ್ಯಾಪಾರಸ್ಥರ, ವೈದ್ಯರ, ಮಕ್ಕಳು ಬೆಂಗಳೂರಿನಲ್ಲೋ ಪರದೇಶದಲ್ಲೋ ನೆಲೆಸಿರುವ ಹಿರಿಯರ ಮನೆಗಳಲ್ಲಿ ಅಲ್ಲೊಂದು ಇಲ್ಲೊಂದು ಅಲಾರಂ ಇದೆ. ಮುಂಗೋಡೆಯಲ್ಲಿ, ಮಾಳಿಗೆಯ ಅಂಚಿಗೆ ಹತ್ತಿರ, ಬಿಸಿಲಿಗೆ ಬಣ್ಣ ಕಳೆದುಕೊಂಡ ಸೈರನ್ ಪೆಟ್ಟಿಗೆ ಇರುತ್ತದೆ. ಅದು ಯಾವ ಕಾಲದಲ್ಲೋ ಕೆಲಸ ನಿಲ್ಲಿಸಿರಬಹುದು. ತೆಗೆಸುವ ಗೋಜಿಗೆ ಯಾರೂ ಹೋಗಿರುವುದಿಲ್ಲ. "ಇರಲಿ ಬಿಡಿ, ಅದು ಕೆಟ್ಟಿದೆಯೆಂದು ಕಳ್ಳನಿಗೇನು ಗೊತ್ತು?" ಎಂಬ ಉತ್ತರ ಸಿದ್ಧವಾಗಿರುತ್ತದೆ.

ಈ ಉತ್ತರವನ್ನು ಕೊಂಚ ಪರಿಶೀಲಿಸಬೇಕೆಂದು ನನಗನಿಸುತ್ತದೆ. ಕೆಟ್ಟುಹೋದ ಕಾವಲನ್ನು ಕೆಳಗಿಳಿಸುವುದು ಬರಿಯ ವಿದ್ಯುತ್ ಕೆಲಸವೇ? ಅಥವಾ ಅದನ್ನು ಗೋಡೆಗೆ ಏರಿಸಿದವನ ಮೇಲೆ ಇಳಿಸುವ ಹೊಣೆಯೂ ಇದೆಯೇ?

ಅಲಾರಂ ಎಂಬುದು ಬಾಗಿಲಿಗೆ ಹಾಕಿದ ಅಗಳಿಯಂತಲ್ಲ. ಅಗಳಿ ತಾನೇ ಕಳ್ಳನನ್ನು ತಡೆಯುತ್ತದೆ. ಅಲಾರಂ ಯಾರನ್ನೂ ತಡೆಯಲಾರದು. ಅದು ಮಾಡುವುದು ಕೂಗುವುದನ್ನು ಮಾತ್ರ. ಬಾಗಿಲಿನ ಚೌಕಟ್ಟಿನಲ್ಲಿ ಒಂದು ಅಯಸ್ಕಾಂತವೂ ಒಂದು ಸಣ್ಣ ಸ್ವಿಚ್ಚೂ ಎದುರುಬದುರಾಗಿರುತ್ತವೆ. ಬಾಗಿಲು ತೆರೆದು ಅವು ದೂರವಾದೊಡನೆ ಕೂಗು ಹೊರಡುತ್ತದೆ. ಆ ಕೂಗನ್ನು ಕೇಳಿ ಯಾರಾದರೂ ಎದ್ದು ಬಂದರೆ ಮಾತ್ರ ಅದಕ್ಕೆ ಅರ್ಥ. ಅಂದರೆ ಅಲಾರಂ ಹಾಕಿಸಿದವನು ತನ್ನ ಓಣಿಯವರ ಮೇಲೆ, ಅವರನ್ನು ಕೇಳದೆಯೇ, ಒಂದು ಕರ್ತವ್ಯವನ್ನು ಹೊರಿಸಿದ್ದಾನೆ. ಹಿಂದೆ ಈ ಕೂಗಿನ ಕೆಲಸ ಊರಿನ ತಳವಾರನದಾಗಿತ್ತು. 1961ರ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ 1963ರ ಫೆಬ್ರವರಿ 1ರಂದು ಜಾರಿಗೆ ಬಂದು ವಂಶಪಾರಂಪರ್ಯದ ಆ ಹುದ್ದೆ ಕೊನೆಗೊಂಡಿತು. ಇಂದು ನಮ್ಮ ಭಾಗದಲ್ಲಿ ಅದು ಮನೆತನದ ಹೆಸರಾಗಿ ಉಳಿದಿದೆ. ಗಮನಿಸಬೇಕಾದ ಸಂಗತಿಯೆಂದರೆ, ಹುದ್ದೆಯನ್ನು ತೆಗೆದ ಕಾನೂನೇ ಆ ಹುದ್ದೆಗೆ ಹೊಂದಿಕೊಂಡಿದ್ದ ಜಮೀನನ್ನು ಹುದ್ದೆದಾರರಿಗೆ ಮರುಮಂಜೂರು ಮಾಡುವ ದಾರಿಯನ್ನೂ ಇಟ್ಟಿತ್ತು. ಕಾವಲನ್ನು ತೆಗೆದುಹಾಕುವಾಗ ಅದರ ಸುತ್ತ ಹೆಣೆದುಕೊಂಡ ಬದುಕುಗಳನ್ನೂ ನೋಡಬೇಕೆಂಬ ಅರಿವು ಆ ಕಾನೂನಿಗಿತ್ತು.

ಈಗ ಕಳ್ಳನ ವಿಷಯ. ಸತ್ತ ಪೆಟ್ಟಿಗೆಯನ್ನು ತೋರಿಸಿ ಅವನನ್ನು ಹೆದರಿಸುವುದು ಸುಳ್ಳು ಹೇಳಿದಂತೆಯೇ? ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಸುಳ್ಳನ್ನು ನಾಲಗೆಗೆ ಮಾತ್ರ ಸೀಮಿತಗೊಳಿಸಲಿಲ್ಲ. ಕ್ರಿಯೆಯ ಮೂಲಕ ಇಲ್ಲದ್ದನ್ನು ಸೂಚಿಸುವುದೂ ಸತ್ಯಕ್ಕೆ ವಿರುದ್ಧವೆಂದರು. ಆದರೆ ಯುದ್ಧದಲ್ಲಿ ಹೊಂಚು ಹಾಕುವ ಕುರಿತು ಬರೆಯುವಾಗ, ನಮ್ಮ ಉದ್ದೇಶವನ್ನು ಶತ್ರುವಿಗೆ ತಿಳಿಯಗೊಡದಿರುವುದು ಅನ್ಯಾಯವಲ್ಲವೆಂದೂ, ಅವನಿಗೆ ಕೊಟ್ಟ ಮಾತನ್ನು ಮುರಿಯುವುದು ಮಾತ್ರ ಅನ್ಯಾಯವೆಂದೂ ವಿಂಗಡಿಸಿದರು. ಜರ್ಮನಿಯ ಇಮ್ಯಾನುಯೆಲ್ ಕಾಂಟ್ ಸುಳ್ಳಿನ ವಿಷಯದಲ್ಲಿ ಅತ್ಯಂತ ಕಠೋರ. ಅವನು ಕೂಡ ತನ್ನ ಪಾಠಗಳಲ್ಲಿ, ನಾನು ಗಂಟುಮೂಟೆ ಕಟ್ಟುವುದನ್ನು ನೋಡಿ ಜನರು ನಾನು ಪ್ರಯಾಣ ಹೊರಟಿದ್ದೇನೆಂದು ತಿಳಿದರೆ ಅದು ನಾನು ಹೇಳಿದ ಸುಳ್ಳಲ್ಲ, ಏಕೆಂದರೆ ನನ್ನ ಇಚ್ಛೆಯನ್ನು ತಿಳಿಸುತ್ತೇನೆಂದು ನಾನು ಅವರಿಗೆ ಹೇಳಿಲ್ಲ ಎಂದಿದ್ದಾನೆ. ಈ ಇಬ್ಬರ ಮಾತನ್ನು ಹಿಡಿದರೆ, ನಡುರಾತ್ರಿ ಗೋಡೆ ಹಾರಿ ಬರುವವನಿಗೆ ನಮ್ಮ ಯಂತ್ರದ ಆರೋಗ್ಯವನ್ನು ತಿಳಿಸುವ ಬಾಧ್ಯತೆ ನಮಗಿಲ್ಲ. ಅಷ್ಟರ ಮಟ್ಟಿಗೆ ಆ ಸಿದ್ಧ ಉತ್ತರ ಸರಿ.

ಆದರೆ ಆ ಪೆಟ್ಟಿಗೆಯನ್ನು ನೋಡುವವನು ಕಳ್ಳನೊಬ್ಬನೇ ಅಲ್ಲ.

ಒಂದು ಮನೆಯನ್ನು ಊಹಿಸಿಕೊಳ್ಳೋಣ. ವಯಸ್ಸಾದ ತಾಯಿ ಒಬ್ಬರೇ ಇದ್ದಾರೆ. ಮಗ ದೂರದ ಊರಿನಲ್ಲಿ. ತಂದೆ ಇದ್ದಾಗ ಹಾಕಿಸಿದ ಅಲಾರಂ ಅದು. ಕಳ್ಳರು ಬಂದರೆ ಸ್ಥಿರ ದೂರವಾಣಿಯ ತಂತಿಯ ಮೂಲಕ ಮಗನ ಸಂಖ್ಯೆಗೆ ತಾನೇ ಕರೆ ಮಾಡುತ್ತಿತ್ತು. ಮನೆಗೊಂದು ಮೊಬೈಲ್ ಬಂದ ಮೇಲೆ ಆ ದೂರವಾಣಿಯನ್ನು ಮರಳಿಸಿದರು. ಅಂದೇ ಅಲಾರಂ ಮೂಕವಾಯಿತು. ಒಳಗಿನ ಕೆಂಪು ದೀಪ ಮಾತ್ರ ಉರಿಯುತ್ತಿದೆ. ಮಗನಿಗೆ ಇದು ಗೊತ್ತು. ತಾಯಿಗೆ ಗೊತ್ತಿಲ್ಲ, ರಾತ್ರಿ ಆ ದೀಪವನ್ನೊಮ್ಮೆ ನೋಡಿ ಅವರು ನೆಮ್ಮದಿಯಿಂದ ಮಲಗುತ್ತಾರೆ. "ಅವ್ವಗ ಯಾಕ ಹೇಳೂದು, ಸುಮ್ಮನ ಅಂಜತಾಳ" ಎಂದು ಮಗ ಸುಮ್ಮನಿದ್ದಾನೆ.

ಮಗನ ಮೌನದಲ್ಲಿ ಪ್ರೀತಿಯಿದೆ, ಒಪ್ಪೋಣ. ಆದರೆ ಆ ನಂಬಿಕೆಯಿಂದಲೇ ತಾಯಿ ಹಿಂಬಾಗಿಲಿನ ಸಡಿಲ ಚಿಲಕವನ್ನು ರಿಪೇರಿ ಮಾಡಿಸಿಲ್ಲ, ಎದುರುಮನೆಯವರ ಸಂಖ್ಯೆಯನ್ನು ಕೇಳಿಟ್ಟುಕೊಂಡಿಲ್ಲ, ರಾತ್ರಿ ಸಪ್ಪಳವಾದರೆ ಯಂತ್ರ ನೋಡಿಕೊಳ್ಳುತ್ತದೆಂದು ಮಲಗಿಯೇ ಇರುತ್ತಾರೆ. ಕಳ್ಳನನ್ನು ವಂಚಿಸಲೆಂದು ಇಟ್ಟುಕೊಂಡ ಪೆಟ್ಟಿಗೆ ನಿಜವಾಗಿ ವಂಚಿಸುತ್ತಿರುವುದು ಆಕೆಯನ್ನು. ಕಳ್ಳನಿಗೆ ನಾವು ಮಾತು ಕೊಟ್ಟಿರಲಿಲ್ಲ. ತಾಯಿಗೆ ಕೊಟ್ಟಿದ್ದೆವು. ಥಾಮಸರ ವಿಂಗಡಣೆ ಇಲ್ಲಿ ಮಗನ ವಿರುದ್ಧವೇ ತಿರುಗುತ್ತದೆ.

ನೆರೆಯವರ ಪಾಡು ಇನ್ನೊಂದು ಬಗೆಯದು. ಅರೆಜೀವವಾದ ಅಲಾರಂ ಪೂರ್ಣ ಸತ್ತದ್ದಕ್ಕಿಂತಲೂ ಕೆಟ್ಟದ್ದು. ಬ್ಯಾಟರಿ ಹಳತಾದಾಗ ಕರೆಂಟು ಹೋಗಿ ಬಂದರೆ ಸಾಕು, ಅದು ಕೂಗಿಕೊಳ್ಳಬಹುದು. ಕೋಣೆಯ ಚಲನೆಯನ್ನು ಗುರುತಿಸುವ ಸಾಧನದ ಮೇಲೆ ಜೇಡವೊಂದು ಹರಿದಾಡಿದರೂ ಕೂಗಬಹುದು. ಶಬ್ದಮಾಲಿನ್ಯ ಕುರಿತ 2000ದ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ 45 ಡೆಸಿಬಲ್ ಮಿತಿಯನ್ನು ಇಟ್ಟಿವೆ; ಸೈರನ್ನಿನ ಕೂಗು ಅದರ ಸಮೀಪದಲ್ಲಿ ನೂರನ್ನು ದಾಟುತ್ತದೆ. ಮೊದಲ ಸಲ ಓಣಿಯವರು ಕೋಲು ಹಿಡಿದು ಬರುತ್ತಾರೆ. ಎರಡನೆಯ ಸಲ ಕಿಟಕಿಯಿಂದ ನೋಡುತ್ತಾರೆ. ನಾಲ್ಕನೆಯ ಸಲ ಹೊದಿಕೆ ಎಳೆದುಕೊಳ್ಳುತ್ತಾರೆ. ಅವರ ಸದ್ಭಾವನೆಯನ್ನು ಹೀಗೆ ವ್ಯರ್ಥವಾಗಿ ಖರ್ಚು ಮಾಡುವ ಹಕ್ಕು ಮನೆಯೊಡೆಯನಿಗಿಲ್ಲ.

ಹಾಗಾದರೆ ತೆಗೆಸಬೇಕು. ಹೇಗೆ? ನಮ್ಮ ಹಿರಿಯರ ಹಗೇವುಗಳನ್ನು ನೆನಪಿಸಿಕೊಂಡರೆ ಒಳ್ಳೆಯದು. ಮನೆಯ ಮುಂದೆ ನೆಲದಲ್ಲಿ ತೋಡಿ, ಹುಲ್ಲು ಹಾಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣೆಳೆದ ಹಗೇವು ಕೂಡ ಆಸ್ತಿಯ ಕಾವಲೇ ಆಗಿತ್ತು. ಅದನ್ನು ತೆರೆದ ಕೂಡಲೇ ಯಾರೂ ಒಳಗಿಳಿಯುವಂತಿರಲಿಲ್ಲ. ಧಾನ್ಯವೂ ಉಸಿರಾಡುತ್ತದೆ; ಒಳಗೆ ಆಮ್ಲಜನಕ ಕಡಿಮೆಯಾಗಿ ಇಂಗಾಲದ ಡೈಆಕ್ಸೈಡ್ ತುಂಬಿಕೊಂಡಿರುತ್ತದೆ, ಇಳಿದವನು ಮೇಲೆ ಬರದಿರಬಹುದು. ಬಳಕೆ ತಪ್ಪಿದ ಹಗೇವನ್ನು ಹಾಗೆಯೇ ಬಿಟ್ಟರೆ ದನವೋ ಮಗುವೋ ಬೀಳುವ ಅಪಾಯ. ಆದ್ದರಿಂದ ಅದನ್ನು ತುಂಬಿಸಿ ಮುಚ್ಚಬೇಕು. ಕಾವಲು ತನ್ನ ಕೆಲಸ ಮುಗಿದ ಮೇಲೂ ಅಪಾಯವನ್ನು ಇಟ್ಟುಕೊಂಡಿರುತ್ತದೆಂಬುದು ನಮಗೆ ಹೊಸ ಸಂಗತಿಯಲ್ಲ.

ಅಲಾರಂನಲ್ಲಿ ಆ ಅಪಾಯ ಮೂರು ಕಡೆ ಅಡಗಿದೆ. ನಿಯಂತ್ರಣ ಪೆಟ್ಟಿಗೆಗೆ 230 ವೋಲ್ಟಿನ ವಿದ್ಯುತ್ತು ಬರುತ್ತದೆ. ಅದರೊಳಗೆ ಸಾಮಾನ್ಯವಾಗಿ 12 ವೋಲ್ಟಿನ ಸೀಸ-ಆಮ್ಲದ ಬ್ಯಾಟರಿ ಇರುತ್ತದೆ. ಹೊರಗಿನ ಸೈರನ್ನಿಗೆ ಅನೇಕ ವೇಳೆ ತನ್ನದೇ ಇನ್ನೊಂದು ಬ್ಯಾಟರಿ ಉಂಟು. ತಂತಿ ಕತ್ತರಿಸಿದರೆ, ಮುಚ್ಚಳ ಬಿಚ್ಚಿದರೆ, ಅದು ಮನೆಯೊಡೆಯನನ್ನೇ ಕಳ್ಳನೆಂದು ಬಗೆದು ಕೂಗಲಾರಂಭಿಸುತ್ತದೆ. ಏಣಿಯ ತುದಿಯಲ್ಲಿ ನಿಂತವನ ಕಿವಿಯ ಪಕ್ಕದಲ್ಲೇ ಆ ಕೂಗು ಎದ್ದರೆ ಅವನು ಬೆಚ್ಚಿ ಬೀಳಬಹುದು. ಆದ್ದರಿಂದ ಐನೂರು ರೂಪಾಯಿ ಉಳಿಸಲು ಯಾರೋ ಹುಡುಗನನ್ನು ಏಣಿ ಹತ್ತಿಸುವುದು ನನಗೆ ಒಪ್ಪಿಗೆಯಿಲ್ಲ. ಬಲ್ಲ ಎಲೆಕ್ಟ್ರಿಷಿಯನ್ ಬರಲಿ, ಸಂಕೇತಸಂಖ್ಯೆ ಒತ್ತಿ ಅಲಾರಂ ಅನ್ನು ಮೊದಲು ವಿಶ್ರಾಂತ ಸ್ಥಿತಿಗೆ ತರಲಿ, ಎಂಸಿಬಿಯಲ್ಲಿ ವಿದ್ಯುತ್ತನ್ನು ನಿಲ್ಲಿಸಿ ಟೆಸ್ಟರಿನಿಂದ ಪರೀಕ್ಷಿಸಲಿ, ಬ್ಯಾಟರಿಯ ತಂತಿಗಳನ್ನು ಬಿಡಿಸಿ ತುದಿಗಳಿಗೆ ಟೇಪು ಸುತ್ತಲಿ, ಅನಂತರವೇ ಸೈರನ್. ಕಿವಿಗೆ ರಕ್ಷಣೆ ಇರಲಿ, ಏಣಿ ಹಿಡಿಯಲು ಇನ್ನೊಬ್ಬರಿರಲಿ. ಮುಖ್ಯ ವಿದ್ಯುತ್ ತಂತಿಯನ್ನು ಗೋಡೆಯಲ್ಲಿ ಕತ್ತರಿಸಿ ಬಿಡಬಾರದು, ಅದು ಹೊರಡುವಲ್ಲಿಯೇ ಬಿಡಿಸಬೇಕು. ಇಲ್ಲವಾದರೆ ಮುಂದೆ ಮೊಳೆ ಹೊಡೆಯುವವನ ಕೈಗೆ ಅದು ಸಿಗುತ್ತದೆ. ಅದೇ ಪೆಟ್ಟಿಗೆಗೆ ಹೊಗೆಸೂಚಕವನ್ನು ಜೋಡಿಸಿದ್ದರೆ, ಕಳ್ಳನ ಕಾವಲಿನ ಜೊತೆ ಬೆಂಕಿಯ ಕಾವಲೂ ಹೋಗುತ್ತದೆಂಬುದು ನೆನಪಿರಲಿ. ಸಿಮ್ ಕಾರ್ಡು ಇದ್ದರೆ ತೆಗೆದಿಟ್ಟುಕೊಳ್ಳಬೇಕು. ಒಳಗೆ ಬರೆದಿಟ್ಟ ದೂರವಾಣಿ ಸಂಖ್ಯೆಗಳನ್ನೂ ಅಳಿಸಬೇಕು.

ಬ್ಯಾಟರಿಯನ್ನು ಎಲ್ಲಿಗೆ ಕಳಿಸುವುದು? ಇದು ಚಿಕ್ಕ ಪ್ರಶ್ನೆಯಂತೆ ತೋರುತ್ತದೆ. ಗುಜರಿಯವನು ಹಣ ಕೊಟ್ಟೇ ಒಯ್ಯುತ್ತಾನೆ. ಆದರೆ ಎಲ್ಲೋ ಹಿತ್ತಿಲಲ್ಲಿ ಅದನ್ನು ಒಡೆದು, ಆಮ್ಲವನ್ನು ಮಣ್ಣಿಗೆ ಚೆಲ್ಲಿ, ಸೀಸವನ್ನು ಕರಗಿಸುವ ಕೈಗಳು ಯಾರವು? ಆ ಹೊಗೆಯ ಪಕ್ಕದಲ್ಲಿ ಆಡುವ ಮಕ್ಕಳು ಯಾರವರು? ಸೀಸಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣ ಯಾವುದೂ ತಿಳಿದಿಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದು ಹೆಚ್ಚಾಗಿ ಬಾಧಿಸುವುದು ಬೆಳೆಯುವ ಮೆದುಳನ್ನು. ಹಳೆಯ ಬ್ಯಾಟರಿಯನ್ನು ಮಾರಾಟಗಾರರೇ ಮರಳಿ ಪಡೆಯಬೇಕೆಂದು 2001ರ ನಿಯಮಗಳು ಹೇಳಿದ್ದವು. ಅವುಗಳ ಜಾಗಕ್ಕೆ ಬಂದ 2022ರ ನಿಯಮಗಳು ಬ್ಯಾಟರಿಯನ್ನು ಮನೆಯ ಇತರ ಕಸದೊಡನೆ ಬೆರೆಸದೆ ಪ್ರತ್ಯೇಕವಾಗಿಟ್ಟು ಸಂಗ್ರಹಿಸುವವರಿಗೆ ತಲುಪಿಸುವ ಹೊಣೆಯನ್ನು ಬಳಕೆದಾರನ ಮೇಲೂ ಇಟ್ಟಿವೆ. ನನ್ನ ಮನೆಯ ಚಿನ್ನವನ್ನು ಕಾದ ಬ್ಯಾಟರಿ ಇನ್ನೊಬ್ಬರ ಮಗುವನ್ನು ಕೆಡಿಸುವುದಾದರೆ, ನಾನು ಕಾದುಕೊಂಡದ್ದರ ಬೆಲೆಯನ್ನು ಕಟ್ಟಿದವರು ಬೇರೆಯವರು. ಅಂಗಡಿಯವರೆಗೆ ಹೋಗಿ ಕೊಟ್ಟುಬರಲು ಅರ್ಧ ದಿನ ಸಾಕು.

ಇನ್ನು ಆ ತಾಯಿ. ಮಗ ರಜೆಗೆ ಬಂದಾಗ, ಅವರು ಮಲಗಿದ ಹೊತ್ತಿನಲ್ಲಿ ಪೆಟ್ಟಿಗೆಯನ್ನು ಬಿಚ್ಚಿಸಿಬಿಡುವುದು ಮೊದಲಿನ ಮೌನಕ್ಕಿಂತ ದೊಡ್ಡ ತಪ್ಪು. ಮೊದಲು ಹೇಳಬೇಕು. ಅವರು ಅಂಜಬಹುದು, ಸಿಟ್ಟಾಗಬಹುದು, "ಇಷ್ಟ ದಿನ ಯಾಕ ಹೇಳಲಿಲ್ಲೋ" ಎಂದು ಕೇಳಬಹುದು. ಆ ಪ್ರಶ್ನೆಯನ್ನು ಮಗ ಕೇಳಿಸಿಕೊಳ್ಳಲೇಬೇಕು. "ಹೊಸಾದು ಹಾಕಸು" ಎಂದರೆ ಹೊಸದನ್ನು ಹಾಕಿಸಬಹುದು. "ಕೆಟ್ಟಿದ್ದರೂ ಇರಲಿ ಬಿಡಪ್ಪಾ, ನಿಮ್ಮ ಅಪ್ಪ ಹಾಕಿಸಿದ್ದು" ಎಂದರೆ, ಬ್ಯಾಟರಿಗಳನ್ನೂ ವಿದ್ಯುತ್ತನ್ನೂ ಬಿಡಿಸಿ, ಓಣಿಯವರಿಗೆ ತಿಳಿಸಿ, ಬರಿಯ ಪೆಟ್ಟಿಗೆಯನ್ನು ಗೋಡೆಯ ಮೇಲೆ ಬಿಡಲು ನನ್ನ ಆಕ್ಷೇಪವಿಲ್ಲ. ತಿಳಿದು ಇಟ್ಟುಕೊಂಡವರನ್ನು ಅದು ವಂಚಿಸುವುದಿಲ್ಲ. ತೆಗೆಯಲು ಒಪ್ಪಿದರೆ ಕೆಲಸ ಹಗಲಲ್ಲೇ ನಡೆಯಲಿ, ಸೈರನ್ ಕೂಗಬಹುದೆಂದು ಹಿಂದಿನ ದಿನವೇ ಅಕ್ಕಪಕ್ಕದವರಿಗೆ ಹೇಳಿರಲಿ. ಎಲೆಕ್ಟ್ರಿಷಿಯನ್ ಹೊರಡುವ ಮುನ್ನ ಹಿಂಬಾಗಿಲಿನ ಚಿಲಕ ಗಟ್ಟಿಯಾಗಬೇಕು, ಅಂಗಳಕ್ಕೊಂದು ದೀಪ ಬರಬೇಕು. ಎದುರುಮನೆಯವರ ಸಂಖ್ಯೆಯನ್ನೂ ತುರ್ತು ಕರೆಯ 112ನ್ನೂ ತಾಯಿಗೆ ಕಾಣುವಷ್ಟು ದೊಡ್ಡ ಅಕ್ಷರಗಳಲ್ಲಿ ಬರೆದು ಹಾಸಿಗೆಯ ಪಕ್ಕದ ಗೋಡೆಗೆ ಅಂಟಿಸಬೇಕು. ಸೈರನ್ ಇದ್ದಲ್ಲಿ ಉಳಿದ ನಾಲ್ಕು ತೂತುಗಳನ್ನು ಮುಂಗಾರಿಗೆ ಮೊದಲೇ ಸಿಮೆಂಟಿನಿಂದ ಮುಚ್ಚಿಸುವುದು ಮೇಲು. ಅಲ್ಲಿಂದ ನೀರು ಇಳಿಯುತ್ತದೆ.