ಮಾವಿನ ತೋಪಿನ ಸಾವಿರ ಪಂಥಕರು



ನಮ್ಮಂಥವರ ಬಾಯಲ್ಲಿ ವಾರಕ್ಕೊಮ್ಮೆಯಾದರೂ ಬರುವ ಮಾತೊಂದಿದೆ: "ನನ್ನಂಥವರು ಇನ್ನೊಬ್ಬರು ಇದ್ದಿದ್ದರೆ!" ಶಾಲೆಯಲ್ಲಿ ಪಾಠ, ಬಿಸಿಯೂಟದ ಲೆಕ್ಕ, ಮತದಾರರ ಪಟ್ಟಿ ಹಿಡಿದು ಮನೆಮನೆ ಸುತ್ತುವುದು, ಮನೆಗೆ ಬಂದರೆ ಅತ್ತೆಯವರ ಸಕ್ಕರೆ ಕಾಯಿಲೆ, ಭಾನುವಾರ ವಿಹಾರದಲ್ಲಿ ಮಕ್ಕಳ ತರಗತಿ. ನಮ್ಮ ಜನರಲ್ಲಿ ಓದಿದವರಿಗೆ ಇದರ ಮೇಲೆ ಇನ್ನೊಂದು ಹೊರೆ ಇದೆ. ಕೇರಿಯಲ್ಲಿ ಮೊದಲು ಕೆಲಸಕ್ಕೆ ಸೇರಿದವರು ಒಬ್ಬರೇ ಆದರೂ ಹತ್ತು ಮನೆಗೆ ಬೇಕಾಗುತ್ತಾರೆ. ಜಾತಿ ಪ್ರಮಾಣಪತ್ರದ ಅರ್ಜಿಗೆ ಅವರೇ, ಹಾಸ್ಟೆಲ್ ಸೀಟಿಗೆ ಫೋನ್ ಮಾಡಲು ಅವರೇ, ಆಸ್ಪತ್ರೆಯಲ್ಲಿ ಡಾಕ್ಟರ ಮುಂದೆ ನಿಂತು ಮಾತಾಡಲೂ ಅವರೇ. ತನ್ನ ಹಾಗೆಯೇ ಇರುವ ನಾಲ್ಕು ಪ್ರತಿ ಸಿಕ್ಕರೆ ಸಾಕು ಎಂದು ಅವರಿಗೆ ಅನ್ನಿಸಿದರೆ ಅದು ಬರೀ ತಮಾಷೆಯಲ್ಲ, ಸುಸ್ತಾದ ಜೀವದ ಮಾತು. ಹಾಗೆ ನಿಜವಾಗಿಯೂ ಆಗುವುದಾದರೆ ಏನು ಮಾಡುತ್ತೇವೆ? ಇವತ್ತಿನ ಚಿಂತನೆಗೆ ಈ ಪ್ರಶ್ನೆಯನ್ನೇ ಇಟ್ಟುಕೊಂಡಿದ್ದೇನೆ. ಯಾಕೆಂದರೆ ನಮ್ಮ ಪರಂಪರೆಯಲ್ಲಿ ಹಾಗೆ ಮಾಡಿದವನೊಬ್ಬನ ಕಥೆ ಇದೆ. ಅವನ ಹೆಸರು ಚೂಳಪಂಥಕ.

ಧಮ್ಮಪದದ 25ನೆಯ ಗಾಥೆಯ ಅಟ್ಠಕಥೆಯಲ್ಲಿ ಈ ಕಥೆ ಬರುತ್ತದೆ. ರಾಜಗೃಹದ ಶ್ರೀಮಂತ ಶ್ರೇಷ್ಠಿಯ ಮಗಳು ತನ್ನ ಮನೆಯ ದಾಸನನ್ನು ಪ್ರೀತಿಸಿದಳು. ಗೊತ್ತಾದರೆ ಹೆತ್ತವರು ಉಳಿಸುವುದಿಲ್ಲ ಎಂದು ಇಬ್ಬರೂ ಊರು ಬಿಟ್ಟರು. ಹೆರಿಗೆಗೆ ತವರಿಗೆ ಹೊರಟವಳಿಗೆ ದಾರಿಯಲ್ಲೇ ಮಗುವಾಯಿತು, ಎರಡನೆಯ ಸಲವೂ ಹಾಗೆಯೇ. ದಾರಿಯಲ್ಲಿ ಹುಟ್ಟಿದವರಾದ್ದರಿಂದ ದೊಡ್ಡವನು ಮಹಾಪಂಥಕ, ಚಿಕ್ಕವನು ಚೂಳಪಂಥಕ. ಜಾತಿ ಮೀರಿ ಮದುವೆಯಾದವರು ಇಂದಿಗೂ ಯಾವ ಭಯದಲ್ಲಿ ಊರು ಬಿಡುತ್ತಾರೆಂದು ಬಲ್ಲ ನಮಗೆ ಈ ಹೆಸರುಗಳ ಅರ್ಥವನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಮಕ್ಕಳಿಬ್ಬರೂ ಅಜ್ಜನ ಮನೆಯಲ್ಲಿ ಬೆಳೆದರು. ಅಣ್ಣ ಮೊದಲು ಸಂಘ ಸೇರಿ ಅರ್ಹಂತನಾದ, ಆಮೇಲೆ ತಮ್ಮನನ್ನೂ ಕರೆತಂದ. ಒಂದು ಗಾಥೆ ಕಲಿಯಲು ಕೊಟ್ಟರೆ ತಮ್ಮನಿಗೆ ನಾಲ್ಕು ತಿಂಗಳಾದರೂ ಬಾಯಿಪಾಠ ಬರಲಿಲ್ಲ. ಮುಂದಿನ ಸಾಲು ಹಿಡಿದರೆ ಹಿಂದಿನದು ಮರೆತುಹೋಗುತ್ತಿತ್ತು. ನಿನ್ನಿಂದ ಆಗದು, ಮನೆಗೆ ಹೋಗು ಎಂದ ಅಣ್ಣ. ಜೀವಕ ವೈದ್ಯನು ಬುದ್ಧರನ್ನೂ ಭಿಕ್ಷುಗಳನ್ನೂ ಮರುದಿನದ ಊಟಕ್ಕೆ ಕರೆದಾಗ, ಪಟ್ಟಿ ಮಾಡುವ ಜವಾಬ್ದಾರಿ ಹೊತ್ತಿದ್ದ ಅಣ್ಣ ತಮ್ಮನೊಬ್ಬನನ್ನು ಬಿಟ್ಟು ಉಳಿದೆಲ್ಲರ ಲೆಕ್ಕ ಕೊಟ್ಟ.

ಬೆಳಗಿನ ಜಾವ ವಿಹಾರ ಬಿಟ್ಟು ಹೊರಟ ಚೂಳಪಂಥಕನಿಗೆ ಬಾಗಿಲಲ್ಲಿ ಎದುರಾದವರು ಬುದ್ಧರು. ತಲೆ ಸವರಿ ಒಳಗೆ ಕರೆತಂದು, ಒಂದು ಬಿಳಿಯ ಬಟ್ಟೆಯ ತುಂಡು ಕೊಟ್ಟು, "ರಜೋಹರಣಂ" ಎನ್ನುತ್ತಾ ಇದನ್ನು ಉಜ್ಜುತ್ತಿರು ಎಂದರು. ಕೊಳೆ ತೆಗೆಯುವುದು ಎಂದು ಆ ಪದದ ಅರ್ಥ. ಉಜ್ಜಿದಷ್ಟೂ ಕೈಯ ಬೆವರು ತಗಲಿ ಬಟ್ಟೆ ಮಾಸುತ್ತಾ ಬಂತು. ಈಗಷ್ಟೇ ಬಿಳಿಯಿದ್ದದ್ದು ಈಗ ಹೀಗಾಯಿತಲ್ಲ ಎಂದು ನೋಡಿದವನಿಗೆ ಅನಿತ್ಯ ಎಂದರೇನೆಂದು ತಿಳಿಯಿತು. ಬಾಯಿಪಾಠದಿಂದ ಬಾರದ್ದು ಕೈಕೆಲಸದಿಂದ ಬಂತು. ಅವನೂ ಅರ್ಹಂತನಾದ.

ಅತ್ತ ಜೀವಕನ ಮನೆಯಲ್ಲಿ ಬುದ್ಧರು ಪಾತ್ರೆಗೆ ಕೈ ಅಡ್ಡ ಹಿಡಿದು, ವಿಹಾರದಲ್ಲಿ ಭಿಕ್ಷುಗಳಿಲ್ಲವೇ ಎಂದು ಕೇಳಿದರು. ಯಾರೂ ಇಲ್ಲ ಎಂದ ಅಣ್ಣ. ಇದ್ದಾರೆ ಎಂದರು ಬುದ್ಧರು. ಆಳು ಹೋಗಿ ನೋಡಿದರೆ ಮಾವಿನ ತೋಪಿನ ತುಂಬಾ ಭಿಕ್ಷುಗಳು! ಕೆಲವರು ಚೀವರ ಹೊಲಿಯುತ್ತಿದ್ದಾರೆ, ಕೆಲವರು ಬಣ್ಣ ಹಾಕುತ್ತಿದ್ದಾರೆ, ಕೆಲವರು ಪಠಣ ಮಾಡುತ್ತಿದ್ದಾರೆ. ಚೂಳಪಂಥಕ ಯಾರು ಎಂದರೆ ಸಾವಿರ ಬಾಯಿ ನಾನು ಎಂದಿತು. ಯಾರು ಮೊದಲು ಹೇಳುತ್ತಾನೋ ಅವನ ಕೈ ಹಿಡಿ ಎಂದು ಬುದ್ಧರು ಹೇಳಿ ಕಳಿಸಿದರು. ಕೈ ಹಿಡಿದ ಕೂಡಲೇ ಉಳಿದವರೆಲ್ಲ ಮಾಯ. ಊಟ ಮುಗಿದ ಮೇಲೆ ಅನುಮೋದನೆಯ ಉಪದೇಶ ಮಾಡಿದವನು ಅದೇ ಚೂಳಪಂಥಕ.

ಪವಾಡವನ್ನು ನಾವು ನಂಬಬೇಕೇ ಎಂದು ನಿಮ್ಮಲ್ಲಿ ಹಲವರು ಕೇಳುತ್ತೀರಿ. ಬೇಡ. ನಾಲಂದದಲ್ಲಿ ಕೇವಟ್ಟನೆಂಬ ಗೃಹಸ್ಥ, ಭಿಕ್ಷುಗಳಿಂದ ಪವಾಡ ಮಾಡಿಸಿದರೆ ಜನ ಇನ್ನೂ ಹೆಚ್ಚು ಒಲಿಯುತ್ತಾರೆ ಎಂದಾಗ ಬುದ್ಧರು ಒಪ್ಪಲಿಲ್ಲ. ಒಬ್ಬನು ಹಲವರಾಗುವಂಥ ಪವಾಡ ತಮಗೆ ಹೇಸಿಗೆ, ಉಪದೇಶವೇ ನಿಜವಾದ ಪವಾಡ ಎಂದು ದೀಘನಿಕಾಯದ ಆ ಸುತ್ತದಲ್ಲಿ ಸ್ಪಷ್ಟವಾಗಿ ತಿಳಿಸುತ್ತಾರೆ. ಚೂಳಪಂಥಕನ ಮಂದಬುದ್ಧಿಗೆ ಅಟ್ಠಕಥೆ ಹಿಂದಿನ ಜನ್ಮದ ಕಾರಣವನ್ನೂ ಕೊಡುತ್ತದೆ. ಹಿಂದಿನ ಜನ್ಮದ ಕರ್ಮದ ಮಾತು ಯಾರನ್ನು ಎಲ್ಲಿ ಕೂರಿಸಿತೆಂದು ಬಾಬಾಸಾಹೇಬರು ನಮಗೆ ತೋರಿಸಿಕೊಟ್ಟಿದ್ದಾರೆ, ಅದನ್ನೂ ಬಿಟ್ಟುಬಿಡೋಣ. ಇವೆರಡನ್ನೂ ತೆಗೆದ ಮೇಲೆ ಕಥೆಯಲ್ಲಿ ಉಳಿಯುವುದನ್ನು ನೋಡೋಣ.

ಮೊದಲನೆಯದು, ಲೆಕ್ಕ. ಮಹಾಪಂಥಕ ಕೆಟ್ಟವನಲ್ಲ. ಓದಿದವನು, ಮುಂದೆ ಹೋದವನು, ತಮ್ಮನನ್ನು ಕೈಹಿಡಿದು ಕರೆತಂದವನು. ಆದರೆ ಅವನ ಕೈಯಲ್ಲಿದ್ದದ್ದು ಒಂದೇ ಅಳತೆಗೋಲು. ಅದರಲ್ಲಿ ತಮ್ಮ ಕಾಣಲಿಲ್ಲ, ಹಾಗಾಗಿ ವಿಹಾರದಲ್ಲಿ ಯಾರೂ ಇಲ್ಲ ಎಂದ. ಓದಿ ನೌಕರಿ ಹಿಡಿದ ನಮ್ಮೆಲ್ಲರೊಳಗೂ ಒಬ್ಬ ಮಹಾಪಂಥಕ ಇದ್ದಾನೆ. ನನ್ನಂಥವರು ಇನ್ನೊಬ್ಬರು ಇದ್ದಿದ್ದರೆ ಎನ್ನುವ ಮಾತಿನ ಹಿಂದೆ ಅವನದೇ ದನಿ ಇದೆ: ಇಲ್ಲಿ ಬೇರೆ ಯಾರೂ ಇಲ್ಲ, ನಾನೊಬ್ಬಳೇ. ನಮ್ಮ ಭಾನುವಾರದ ತರಗತಿಯಲ್ಲಿ ಒಬ್ಬ ಹುಡುಗ ಪಂಚಶೀಲದ ಮೂರನೆಯ ಸಾಲಿಗೇ ನಿಂತುಬಿಡುತ್ತಾನೆ. ಆದರೆ ಮೈಕ್ ಕೈಕೊಟ್ಟ ದಿನ ಎಲ್ಲರೂ ತಿರುಗಿ ನೋಡುವುದು ಅವನ ಕಡೆಗೇ.

ಎರಡನೆಯದು, ನಾನು ಎನ್ನುವುದು. ಸಾವಿರ ಪಂಥಕರಲ್ಲಿ ಕೈ ಹಿಡಿಸಿಕೊಂಡವನು ಒಬ್ಬ, ಉಳಿದವರಲ್ಲಿ ಒಬ್ಬನೂ ತಕರಾರು ತೆಗೆಯಲಿಲ್ಲ. ಈಗ ನಮ್ಮ ನಾಲ್ಕು ಪ್ರತಿಗಳನ್ನು ನೆನೆಸಿಕೊಳ್ಳಿ. ಬೆಳಿಗ್ಗೆ ಮತದಾರರ ಪಟ್ಟಿ ಹಿಡಿದು ಬಿಸಿಲಿಗೆ ಹೋಗುವವಳು ಯಾರು, ಮನೆಯಲ್ಲಿ ಕೂತು ಪುಸ್ತಕ ಓದುವವಳು ಯಾರು? ನಾಲ್ವರಿಗೂ ನನ್ನದೇ ಆಸೆ, ನನ್ನದೇ ಸುಸ್ತು. ನಾನೇ ಅಸಲಿ, ನೀನು ಹೋಗು ಎಂದು ನಾಲ್ವರೂ ಹೇಳುತ್ತಾರೆ. ತಣ್ಹೆ ಹಾಗೇ ಉಳಿದರೆ ಕೈಗಳು ನಾಲ್ಕು ಪಟ್ಟಾದಂತೆ ಬೇಡಿಕೆಯೂ ನಾಲ್ಕು ಪಟ್ಟಾಗುತ್ತದೆ. ಬುದ್ಧರು ಹೇಳಿದ ಪಂಚಸ್ಕಂಧಗಳನ್ನು ಒಂದೊಂದಾಗಿ ತೆಗೆದು ನೋಡಿದರೆ ಅಸಲಿ ಎಂದು ಬೀಗಲು ಒಳಗೆ ಬದಲಾಗದ ವಸ್ತು ಯಾವುದೂ ಸಿಗುವುದಿಲ್ಲ. ಅಸಲಿಯೇ ಇಲ್ಲದ ಮೇಲೆ ನಕಲು ಯಾವುದರದ್ದು?

ಮೂರನೆಯದು, ಆತ್ಮ ಇಲ್ಲದಿದ್ದರೂ ದಾಟಿಹೋಗುವುದು ಒಂದಿದೆ. ಮಿಲಿಂದ ರಾಜನಿಗೆ ನಾಗಸೇನರು ಒಂದು ದೀಪದಿಂದ ಇನ್ನೊಂದನ್ನು ಹಚ್ಚುವ ಉದಾಹರಣೆ ಕೊಡುತ್ತಾರೆ. ಮೊದಲ ದೀಪದಿಂದ ಯಾವ ವಸ್ತುವೂ ಎದ್ದು ಹೋಗಲಿಲ್ಲ, ಆದರೂ ಎರಡನೆಯದು ಉರಿಯುತ್ತದೆ. ಶಿಕ್ಷಕರಿಗೆ ಇದು ದಿನವೂ ಕಾಣುವ ಸಂಗತಿ. ನಾನು ಸ್ಟಾಫ್ ರೂಮಿಗೆ ಹೋದಾಗ ಕ್ಲಾಸ್ ಲೀಡರ್ ನನ್ನ ಹಾಗೆಯೇ ಡಸ್ಟರ್ ಕುಟ್ಟುತ್ತಾಳೆ, ನನ್ನ ಹಾಗೆಯೇ ಕನ್ನಡಕ ಇಲ್ಲದ ಮೂಗಿನ ಮೇಲೆ ಬೆರಳಿಟ್ಟು ದಿಟ್ಟಿಸುತ್ತಾಳೆ. ನಮ್ಮ ಪ್ರತಿಗಳು ನಮ್ಮನ್ನು ಕೇಳದೆಯೇ ತಯಾರಾಗುತ್ತಿವೆ. ನಾವು ಯೋಚಿಸಬೇಕಾದದ್ದು ಅವುಗಳೊಳಗೆ ನಮ್ಮ ಸಿಟ್ಟು ಹೋಗುತ್ತಿದೆಯೋ ಮೈತ್ರಿ ಹೋಗುತ್ತಿದೆಯೋ ಎಂಬುದನ್ನು.

ಹಾಗಾದರೆ ಹೊರೆ ಇಳಿಯುವುದು ಹೇಗೆ? ಬುದ್ಧರಿಗೆ ಮೊದಲ ಅರವತ್ತು ಜನ ಅರ್ಹಂತ ಶಿಷ್ಯರಾದಾಗ ಅವರನ್ನು ತಮ್ಮ ಸುತ್ತ ಕೂರಿಸಿಕೊಳ್ಳಲಿಲ್ಲ. ಬಹುಜನರ ಹಿತಕ್ಕಾಗಿ ಹೊರಡಿ, ಇಬ್ಬರು ಒಂದೇ ದಾರಿ ಹಿಡಿಯಬೇಡಿ ಎಂದು ಕಳಿಸಿದರು. ಕೊನೆಗಾಲದಲ್ಲೂ ಉತ್ತರಾಧಿಕಾರಿಯನ್ನು ನೇಮಿಸದೆ ಧಮ್ಮವನ್ನೂ ವಿನಯವನ್ನೂ ಗುರುವೆಂದು ಬಿಟ್ಟುಹೋದರು. ಬಾಬಾಸಾಹೇಬರು 'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಇದನ್ನು ಎತ್ತಿ ತೋರಿಸುತ್ತಾರೆ. ಅವರ ಜೀವನವೂ ಅದೇ. 14 ಅಕ್ಟೋಬರ್ 1956ರಂದು ನಾಗಪುರದಲ್ಲಿ ಧಮ್ಮದೀಕ್ಷೆ, 6 ಡಿಸೆಂಬರ್‌ಗೆ ಪರಿನಿಬ್ಬಾಣ, ನಡುವೆ 53 ದಿನ. ಕಾಯಿಲೆಯ ದೇಹ, ಬೆಟ್ಟದಷ್ಟು ಕೆಲಸ. ಇನ್ನೊಬ್ಬ ಅಂಬೇಡ್ಕರ್ ಬೇಕು ಎಂದು ಹೇಳುವ ಹಕ್ಕು ಯಾರಿಗಾದರೂ ಇದ್ದರೆ ಅದು ಅವರಿಗಿತ್ತು. ಅವರು ಬಿಟ್ಟುಹೋದದ್ದು 22 ಪ್ರತಿಜ್ಞೆಗಳನ್ನು, ಪ್ರತಿಯೊಬ್ಬರೂ ತಮ್ಮ ಬಾಯಿಂದಲೇ ಹೇಳಿ ತಮ್ಮ ಕಾಲಮೇಲೆ ನಡೆಸಬೇಕಾದವನ್ನು. ಏಪ್ರಿಲ್ 14ರಂದು ನಮ್ಮ ಮಕ್ಕಳಿಗೆ ನೀಲಿ ಕೋಟು, ಕನ್ನಡಕ ಹಾಕಿ ಕೈಗೆ ಪುಸ್ತಕ ಕೊಟ್ಟು ನಿಲ್ಲಿಸಿದಾಗ ನನಗೂ ಎದೆ ತುಂಬುತ್ತದೆ. ಕೋಟು ಬಿಚ್ಚಿದ ಮೇಲೆ ಆ ಮಗು ತನ್ನ ದಾರಿಯಲ್ಲಿ ಏನಾಗುತ್ತದೆ ಎಂಬುದನ್ನೂ ನಾವು ಅಷ್ಟೇ ಆಸೆಯಿಂದ ಕಾಯಬೇಕು.

ಒಂದು ಸಣ್ಣ ಅನುಭವ. ಕೇರಿಯಲ್ಲಿ ಪಿಯುಸಿ ಓದುವ ಹುಡುಗಿಯೊಬ್ಬಳನ್ನು ಪಕ್ಕದಲ್ಲಿ ಕೂರಿಸಿಕೊಂಡು ವಿದ್ಯಾರ್ಥಿವೇತನದ ಅರ್ಜಿ ತುಂಬಿಸಿದೆ. ಒಂದು ಗಂಟೆಯ ಕೆಲಸ ಎರಡು ಗಂಟೆ ಹಿಡಿಯಿತು. ಮುಂದಿನ ವಾರ ಅವಳು ತಾನೇ ಇಬ್ಬರಿಗೆ ತುಂಬಿಕೊಟ್ಟಳು. ನೋಡಿದರೆ, ದಾಖಲೆಗಳನ್ನೆಲ್ಲ ಮೊದಲೇ ಫೋಟೊ ತೆಗೆದು, ಮನೆಮನೆಯ ಹೆಸರಿನಲ್ಲಿ ಮೊಬೈಲಿನಲ್ಲಿ ಜೋಡಿಸಿಟ್ಟಿದ್ದಳು. ಇಷ್ಟು ವರ್ಷವೂ ನನಗೆ ಹೊಳೆಯದ ಉಪಾಯ ಅದು. ನನ್ನ ಪ್ರತಿ ಇದ್ದಿದ್ದರೆ ಅವಳಿಗೂ ಹೊಳೆಯುತ್ತಿರಲಿಲ್ಲ.

ಇವತ್ತಿನ ಅಭ್ಯಾಸ ಇಷ್ಟು. ನನ್ನಿಂದಲೇ ಆಗಬೇಕು ಎಂದುಕೊಂಡಿರುವ ಕೆಲಸಗಳಲ್ಲಿ ಒಂದನ್ನು ಆರಿಸಿ. ನಿಮ್ಮ ಮನೆಯಲ್ಲಿ, ಕೇರಿಯಲ್ಲಿ, ವಿಹಾರದಲ್ಲಿ ಪಟ್ಟಿಯಿಂದ ಬಿಟ್ಟುಹೋದ ಒಬ್ಬರನ್ನು ಹುಡುಕಿ ಆ ಕೆಲಸವನ್ನು ಅವರ ಕೈಗೆ ಕೊಡಿ. ಅವರು ನಿಧಾನ ಮಾಡಿದರೆ ಕಾಯಿರಿ, ಬೇರೆ ರೀತಿಯಲ್ಲಿ ಮಾಡಿದರೆ ಮಾಡಲು ಬಿಡಿ. ರಾತ್ರಿ ಹತ್ತು ನಿಮಿಷ ಆನಾಪಾನಕ್ಕೆ ಕೂತಾಗ, ನಾನೊಬ್ಬಳೇ, ನಾನೊಬ್ಬನೇ ಎಂಬ ಮಾತು ಮೇಲೆದ್ದರೆ ಅದನ್ನು ಚೂಳಪಂಥಕನ ಬಟ್ಟೆಯಂತೆ ಸುಮ್ಮನೆ ನೋಡಿ.

ಎಲ್ಲರಿಗೂ ಮಂಗಳವಾಗಲಿ. ನಮೋ ಬುದ್ಧಾಯ. ಜೈ ಭೀಮ್.