ಮುಂಭಾಗದ ಆಸನ ನಮಗೆ ಸಲ್ಲುವುದೇ?



ಕೆಲವು ತಿಂಗಳ ಹಿಂದಿನ ಒಂದು ಭಾನುವಾರ. ಬಲಿಪೂಜೆ ಮುಗಿಸಿ ಪೂಜಾವಸ್ತ್ರ ಕಳಚಿ ಹೊರಬಂದಾಗ ಕಡಬದ ಕಡೆಯ ಒಬ್ಬ ತಾಯಿ ನನಗಾಗಿ ಕಾಯುತ್ತಾ ನಿಂತಿದ್ದರು. ವಯಸ್ಸು ಅರವತ್ತೆಂಟು, ಎರಡೂ ಮೊಣಕಾಲುಗಳಲ್ಲಿ ನೋವು. ಮಗಳು ಕೆನಡಾದಲ್ಲಿ ದಾದಿಯಾಗಿದ್ದಾಳೆ. ಚೊಚ್ಚಲ ಹೆರಿಗೆ ಸಮೀಪಿಸಿದೆ; ಬಾಣಂತನಕ್ಕೆ ತಾಯಿಯೇ ಬರಬೇಕೆಂದು ಟಿಕೆಟನ್ನೂ ಕಳುಹಿಸಿದ್ದಾಳೆ. ಅದು ಬಿಸಿನೆಸ್ ಕ್ಲಾಸ್ ಟಿಕೆಟ್. ವಯಸ್ಸಾದವರಿಗೆ ವಿಮಾನ ಕಂಪನಿಯವರೇ ಉಚಿತವಾಗಿ ಆ ಸೀಟು ಕೊಡುತ್ತಾರೆಂದು ಮಗಳು ಹೇಳಿದ್ದಳಂತೆ. ಆದರೆ ಪಕ್ಕದ ಮನೆಯ ಹುಡುಗ ಮೊಬೈಲಿನಲ್ಲಿ ಹುಡುಕಿ ನಿಜವಾದ ಬೆಲೆ ಹೇಳಿಬಿಟ್ಟ: ಹೋಗಿ ಬರಲು ಮೂರು ಲಕ್ಷ ರೂಪಾಯಿಗೂ ಮೇಲೆ.

"ಫಾದರ್, ಅಷ್ಟು ಹಣದ ಸೀಟಿನಲ್ಲಿ ನಾನು ಕುಳಿತರೆ ಪಾಪವಲ್ಲವೇ?"

"ಪಾಪವೇನಿಲ್ಲ ಅಮ್ಮ, ಧೈರ್ಯವಾಗಿ ಹೋಗಿ ಬನ್ನಿ" ಎಂದೆ. ಅವರು ತಲೆಯಾಡಿಸಿದರು, ಆದರೆ ಸಮಾಧಾನಗೊಂಡಂತೆ ಕಾಣಲಿಲ್ಲ. ಉಪಾಹಾರಕ್ಕೆ ಕುಳಿತಾಗ ನನಗೂ ಸಮಾಧಾನವಿರಲಿಲ್ಲ. ಗುರುಮಠದಲ್ಲಿ ವರ್ಷಗಟ್ಟಲೆ ನೀತಿಶಾಸ್ತ್ರ ಓದಿದವನು ಒಂದು ನಿಜವಾದ ಪ್ರಶ್ನೆಗೆ ಬಸ್ಸು ಹಿಡಿಯುವ ಅವಸರದಲ್ಲಿ ಉತ್ತರ ಕೊಟ್ಟಿದ್ದೆ.

ಪುತ್ತೂರು, ಸುಳ್ಯ, ಕಡಬದ ನಮ್ಮ ಕುಟುಂಬಗಳಿಗೆ ಇದು ದೂರದ ಪ್ರಶ್ನೆಯಲ್ಲ. ಅಡಿಕೆ ತೋಟದ ಅಂಚಿನ ಮನೆಗಳಲ್ಲಿಯೂ ರಬ್ಬರ್ ಗುಡ್ಡದ ಮೇಲಿನ ಮನೆಗಳಲ್ಲಿಯೂ ಒಬ್ಬರಾದರೂ ಹೊರದೇಶದಲ್ಲಿದ್ದಾರೆ. ಹಿಂದೆ ನಮ್ಮ ಕರಾವಳಿಯವರು ಮುಂಬಯಿಗೆ ಹೋಗಿ ಅಲ್ಲಿಂದ ಗಲ್ಫಿಗೆ ಹಡಗು ಹತ್ತುತ್ತಿದ್ದರು. 1982ರವರೆಗೂ ಓಡುತ್ತಿದ್ದ 'ದ್ವಾರಕಾ' ಎಂಬ ಹಡಗಿನಲ್ಲಿ ಕ್ಯಾಬಿನ್ ಪ್ರಯಾಣಿಕರು ಕೆಲವರು. ಉಳಿದವರು ಡೆಕ್ಕಿನ ಮೇಲೆ ಚಾಪೆ ಬಿಡಿಸಿಕೊಂಡವರು. 2006ರಲ್ಲಿ ಮಂಗಳೂರಿನಿಂದಲೇ ದುಬೈಗೆ ವಿಮಾನ ಹಾರಿತು. ಆದರೆ ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾಗಳಿಗೆ ಹೋಗುವವರು ಇಂದಿಗೂ ಬೆಂಗಳೂರು, ಮುಂಬಯಿ ಇಲ್ಲವೇ ಗಲ್ಫಿನ ಯಾವುದಾದರೊಂದು ನಗರದಲ್ಲಿ ಇಳಿದು ಹತ್ತಬೇಕು. ಮನೆಯಿಂದ ಮನೆಗೆ ಒಂದು ಹಗಲು, ಒಂದು ರಾತ್ರಿ ಸಾಲದು. ಸಾಮಾನ್ಯ ದರ್ಜೆಯ ಆಸನದ ಅಗಲ ಹದಿನೇಳು ಹದಿನೆಂಟು ಅಂಗುಲ. ಮುಂದಿನ ಸಾಲಿಗೂ ನಮ್ಮ ಸಾಲಿಗೂ ಇರುವ ಅಂತರ ಮೂವತ್ತೊಂದು ಮೂವತ್ತೆರಡು ಅಂಗುಲ. ಪರದೆಯ ಆಚೆ ಅದೇ ವಿಮಾನದಲ್ಲಿ, ಅದೇ ವೇಗದಲ್ಲಿ, ಕಾಲು ಚಾಚಿ ಮಲಗುವ ಹಾಸಿಗೆ. ಅದರ ಬೆಲೆ ಸಾಮಾನ್ಯವಾಗಿ ಮೂರು ಪಟ್ಟು, ಕೆಲವೊಮ್ಮೆ ಇನ್ನೂ ಹೆಚ್ಚು.

ಇಂತಹ ಖರ್ಚಿನ ಬಗ್ಗೆ ನಾವು ಸಾಮಾನ್ಯವಾಗಿ ಕೇಳುವುದು, ಅದು ಕೈಗೆ ಎಟುಕುವುದೇ ಎಂದು. ಎಟುಕುವುದು ಕೈಯ ಉದ್ದದ ವಿಚಾರ. ಸಂಬಳ, ಸಾಲ, ಕಂತು ಇವುಗಳಿಂದ ಅದನ್ನು ಅಳೆಯಬಹುದು. ನಮ್ಮ ಹಿರಿಯರ ಬಾಯಲ್ಲಿ ಇನ್ನೊಂದು ಮಾತಿತ್ತು: 'ಇದು ನಮಗೆ ಸಲ್ಲುವುದಿಲ್ಲ.' ಹಣವಿದ್ದೂ ಹಾಗೆನ್ನುತ್ತಿದ್ದರು. ಹಣವಿಲ್ಲದಿದ್ದರೂ ಮಗಳ ಮದುವೆಗೆ, ತಂದೆಯ ಶವಸಂಸ್ಕಾರಕ್ಕೆ ಖರ್ಚು ಮಾಡಿ 'ಇದು ಸಲ್ಲಬೇಕಾದದ್ದು' ಎನ್ನುತ್ತಿದ್ದರು. ಆ ತಾಯಿ ಕೇಳಿದ್ದು ಸಲ್ಲುವುದರ ಬಗ್ಗೆ. ನಾನು ಉತ್ತರಿಸಿದ್ದು ಎಟುಕುವುದರ ಬಗ್ಗೆ.

ಮೊದಲು ದೇಹದ ಮಾತು ಮುಗಿಸೋಣ. ದೇಹವೂ ದೇವರ ಸೃಷ್ಟಿಯೇ. ನಾಲ್ಕು ಗಂಟೆಗೂ ಮೀರಿ ಕದಲದೆ ಕುಳಿತು ಪ್ರಯಾಣಿಸುವವರ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಸುಮಾರು ಎರಡು ಪಟ್ಟಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳಿತು. ಹಾಗಿದ್ದರೂ ಅದು ಸುಮಾರು ಆರು ಸಾವಿರಕ್ಕೆ ಒಬ್ಬರಿಗೆ ಬರುವ ಅಪಾಯ. ಅದಕ್ಕೆ ಮುಖ್ಯ ಕಾರಣ ಕದಲದೆ ಕುಳಿತಿರುವುದು. ಬಸ್ಸು ರೈಲುಗಳಲ್ಲಿಯೂ ಅದು ತಪ್ಪಿದ್ದಲ್ಲ. ಓಡಾಡಲು ಅನುಕೂಲವಾದ ಬದಿಯ ಆಸನ, ಆಗಾಗ ಎದ್ದು ನಾಲ್ಕು ಹೆಜ್ಜೆ, ಕಾಲಿನ ವ್ಯಾಯಾಮ, ವೈದ್ಯರ ಸಲಹೆ ಇಷ್ಟಿದ್ದರೆ ಬಹುಮಂದಿಗೆ ಹಿಂದಿನ ಆಸನವೇ ಸಾಕು. ಆದರೆ ಎಲ್ಲರಿಗೂ ಸಾಕೆಂದು ಹೇಳುವ ಹಕ್ಕು ನೆಟ್ಟಗಿನ ಮೊಣಕಾಲುಳ್ಳವರಿಗೆ ಇಲ್ಲ. ಬಿರುಗಾಳಿಯ ರಾತ್ರಿ ದೋಣಿಯ ಹಿಂಭಾಗದಲ್ಲಿ ಪ್ರಭು ಯೇಸು ತಲೆದಿಂಬಿಗೆ ಒರಗಿ ನಿದ್ರಿಸುತ್ತಿದ್ದರೆಂದು ಸಂತ ಮಾರ್ಕನು ಬರೆದಿದ್ದಾನೆ. ಆ ತಲೆದಿಂಬಿನ ಬಗ್ಗೆ ಶಿಷ್ಯರಾರೂ ತಕರಾರು ಮಾಡಿದಂತಿಲ್ಲ.

ತಕರಾರು ಬಂದದ್ದು ಬೆಥಾನಿಯದಲ್ಲಿ. ಮರಿಯಳು ಅಮೂಲ್ಯವಾದ ಸುಗಂಧ ತೈಲವನ್ನು ಪ್ರಭುವಿನ ಪಾದಗಳಿಗೆ ಸುರಿದಾಗ, ಅದನ್ನು ಮುನ್ನೂರು ದಿನಾರಿ ನಾಣ್ಯಗಳಿಗೆ ಮಾರಿ ಬಡವರಿಗೆ ಕೊಡಬಹುದಿತ್ತಲ್ಲ ಎಂದವನು ಯೂದ. ಒಂದು ದಿನಾರಿ ಅಂದಿನ ಕೂಲಿಯಾಳಿನ ಒಂದು ದಿನದ ಸಂಬಳ. ನಮ್ಮ ತೋಟದ ಕೆಲಸಕ್ಕೆ ದಿನಕ್ಕೆ ಸಾವಿರ ರೂಪಾಯಿ ಎಂದು ಹಿಡಿದರೆ ಮುನ್ನೂರು ದಿನಕ್ಕೆ ಮೂರು ಲಕ್ಷ. ಲೆಕ್ಕ ಹಾಕಿದಾಗ ನಾನೇ ಬೆಚ್ಚಿದೆ: ಆ ತಾಯಿಯ ಟಿಕೆಟ್ಟಿನ ಬೆಲೆಯೂ ಹೆಚ್ಚುಕಡಿಮೆ ಅಷ್ಟೇ! ಈ ಪ್ರಸಂಗವನ್ನು ಹಿಡಿದು ಸುಖಪಡುವವರೆಲ್ಲ ತಮ್ಮನ್ನು ಸಮರ್ಥಿಸಿಕೊಳ್ಳಬಹುದು. ಅದು ಅಗ್ಗದ ವಾದ. ಇನ್ನೊಬ್ಬರ ಖರ್ಚನ್ನೆಲ್ಲ ಬಡವರ ಹೆಸರಿನಲ್ಲಿ ತೂಗುವುದೂ ಅಷ್ಟೇ ಅಗ್ಗ. ಹಾಗೆ ತೂಗಿದವನ ಕೈಯಲ್ಲಿ ಹಣದ ಚೀಲವಿತ್ತು, ಅದರಿಂದ ಅವನು ಕದಿಯುತ್ತಿದ್ದ ಎಂದು ಸಂತ ಯೊವಾನ್ನನು ಮುಚ್ಚುಮರೆಯಿಲ್ಲದೆ ತಿಳಿಸುತ್ತಾನೆ.

ಸಂತ ಥಾಮಸ್ ಅಕ್ವಿನಾಸರು ಇದಕ್ಕೊಂದು ಅಳತೆ ಕೊಟ್ಟಿದ್ದಾರೆ. ಅವರ ಪ್ರಕಾರ ತನ್ನ ಮತ್ತು ತನ್ನ ಕುಟುಂಬದ ಸ್ಥಿತಿಗತಿಗೆ ತಕ್ಕಂತೆ ಬದುಕಲು ಬೇಕಾದುದನ್ನು ಇಟ್ಟುಕೊಳ್ಳುವುದು ತಪ್ಪಲ್ಲ. ಅದಕ್ಕೆ ಮಿಕ್ಕಿದುದು ಸ್ವಾಭಾವಿಕ ನಿಯಮದಿಂದಲೇ ಬಡವರಿಗೆ ಸಲ್ಲತಕ್ಕದ್ದು. ಗುರುಮಠದಲ್ಲಿ ಇದನ್ನು ಓದಿದಾಗ ಬಲು ಸರಳವೆನಿಸಿತ್ತು. ಆದರೆ 'ಸ್ಥಿತಿಗತಿ' ಎಂಬುದು ಒಂದೇ ಕಡೆ ನಿಲ್ಲುವುದಿಲ್ಲ. ನಿನ್ನೆಯವರೆಗೆ ವಿಮಾನವೇ ಆಡಂಬರವಾಗಿದ್ದವನಿಗೆ ಇಂದು ಹಾಸಿಗೆಯಿಲ್ಲದ ವಿಮಾನ ಅವಮಾನವೆನಿಸುತ್ತದೆ. ಮುಂದಿನ ಆಸನ ಆಕ್ರಮಿಸುವ ಜಾಗವನ್ನು ಲೆಕ್ಕ ಹಾಕಿ, ಬಿಸಿನೆಸ್ ಕ್ಲಾಸ್ ಪ್ರಯಾಣಿಕನ ಪಾಲಿನ ಇಂಗಾಲದ ಹೊಗೆ ಹಿಂದಿನವನ ಸುಮಾರು ಮೂರರಷ್ಟೆಂದು 2013ರಲ್ಲಿ ವಿಶ್ವ ಬ್ಯಾಂಕಿನ ಅಧ್ಯಯನವೊಂದು ತಿಳಿಸಿತು. ಆ ಹೊಗೆ ಯಾರ ಸ್ಥಿತಿಗತಿಯ ಲೆಕ್ಕದಲ್ಲಿಯೂ ಬರುವುದಿಲ್ಲ.

ಸುಖದ ಖರ್ಚನ್ನು ನಿಜವಾಗಿ ಯಾರು ಭರಿಸುತ್ತಾರೆ ಎಂಬುದೂ ಕೆಲವೊಮ್ಮೆ ತಡವಾಗಿ ತಿಳಿಯುತ್ತದೆ. ನಮ್ಮ ನೆರೆಯ ಬಂಟ್ವಾಳ ಮೂಲದ ಕುಟುಂಬದ ವಿಜಯ್ ಮಲ್ಯರ ಕಿಂಗ್‌ಫಿಷರ್ ಸಂಸ್ಥೆ 2008ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ವಿಮಾನ ಆರಂಭಿಸಿದಾಗ, ಅದರ ಮುಂಭಾಗದ ವೈಭವವೇ ಸುದ್ದಿಯಾಗಿತ್ತು. 2012ರಲ್ಲಿ ಆ ಸಂಸ್ಥೆಯ ನೌಕರರು ತಿಂಗಳುಗಟ್ಟಲೆ ಸಂಬಳವಿಲ್ಲದೆ ಬೀದಿಗಿಳಿದರು. ಅಕ್ಟೋಬರಿನಲ್ಲಿ ಹಾರಾಟವೇ ನಿಂತಿತು.

ಪರರ ಮಾತು ಸಾಕು. ನಮ್ಮ ಧರ್ಮಸಭೆಯ ಮನೆಯೊಳಗಿನ ಮಾತನ್ನೂ ಬರೆಯಬೇಕು. 2012ರ ಜನವರಿಯಲ್ಲಿ ಜರ್ಮನಿಯ ಲಿಂಬುರ್ಗ್ ಧರ್ಮಕ್ಷೇತ್ರದ ಅಂದಿನ ಧರ್ಮಾಧ್ಯಕ್ಷ ಫ್ರಾನ್ಸ್ ಪೀಟರ್ ಟೆಬಾರ್ಟ್ಸ್ ಫಾನ್ ಎಲ್ಸ್ಟ್ ಅವರು ಬಡವರ ನಡುವಿನ ಸೇವಾಕಾರ್ಯಗಳನ್ನು ನೋಡಲು ಬೆಂಗಳೂರಿಗೆ ಬಂದರು. ಅವರು ಪ್ರಯಾಣಿಸಿದ್ದು ವಿಮಾನದ ಮೊದಲ ದರ್ಜೆಯಲ್ಲಿ. ಧರ್ಮಕ್ಷೇತ್ರ ಕೊಂಡದ್ದು ಬಿಸಿನೆಸ್ ಕ್ಲಾಸ್ ಟಿಕೆಟ್. ಹಿಂದಿನ ಪ್ರಯಾಣಗಳಿಂದ ಸಂಗ್ರಹವಾಗಿದ್ದ ಮೈಲಿಗಳನ್ನು ಬಳಸಿ ಅದನ್ನು ಮೇಲ್ದರ್ಜೆಗೆ ಏರಿಸಲಾಗಿತ್ತು. ಲೆಕ್ಕದ ಪ್ರಕಾರ ಹೆಚ್ಚಿನ ಹಣ ಹೋಗಿರಲಿಲ್ಲ. ಪತ್ರಕರ್ತನೊಬ್ಬ ಕೇಳಿದಾಗ ಇದನ್ನೇ ಹೇಳಿದ್ದರೆ ಒಂದು ವಾರದ ಟೀಕೆಯಲ್ಲಿ ಮುಗಿಯುತ್ತಿತ್ತೋ ಏನೋ. ಅವರು ತಾವು ಬಂದದ್ದು ಬಿಸಿನೆಸ್ ಕ್ಲಾಸಿನಲ್ಲಿ ಎಂದರು. ಆ ಮಾತನ್ನು ಉಳಿಸಿಕೊಳ್ಳಲು ನ್ಯಾಯಾಲಯದವರೆಗೂ ಹೋದರು. ಪ್ರಮಾಣ ಮಾಡಿ ಅಸತ್ಯ ಹೇಳಿದ ಆರೋಪ ಅವರ ಮೇಲೆ ಬಂತು. 2013ರ ನವೆಂಬರಿನಲ್ಲಿ ಅವರು 20,000 ಯೂರೋ ಪಾವತಿಸುವ ಷರತ್ತಿನ ಮೇಲೆ ಹ್ಯಾಂಬರ್ಗಿನ ನ್ಯಾಯಾಲಯ ಶಿಕ್ಷೆಯ ತೀರ್ಪಿಲ್ಲದೆ ಆ ಮೊಕದ್ದಮೆಯನ್ನು ಕೈಬಿಟ್ಟಿತು. ಅಷ್ಟರಲ್ಲಿ ಅವರ ನಿವಾಸದ ಕಟ್ಟಡಕ್ಕೆ ಮೂರು ಕೋಟಿ ಯೂರೋಗಳಿಗೂ ಹೆಚ್ಚು ಖರ್ಚಾದ ಸಂಗತಿ ಬಯಲಾಗಿತ್ತು. 2014ರ ಮಾರ್ಚ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರ ರಾಜೀನಾಮೆಯನ್ನು ಅಂಗೀಕರಿಸಿದರು.

ಈ ಘಟನೆ ನನ್ನನ್ನು ಬಹುಕಾಲ ಕಾಡಿದೆ. ಹತ್ತು ಗಂಟೆಗಳ ಹಾಸಿಗೆಯೊಂದಕ್ಕೆ ಮನುಷ್ಯ ಇಷ್ಟು ದೊಡ್ಡ ಬೆಲೆ ಏಕೆ ತೆರುತ್ತಾನೆ? ತಾನು ನೋಡಲು ಹೊರಟಿದ್ದ ಬೆಂಗಳೂರಿನ ಬಡಮಕ್ಕಳಿಗೆ, ತನ್ನ ಊರಿನ ವಿಶ್ವಾಸಿಗಳಿಗೆ 'ನಾನು ಹೀಗೆ ಬಂದೆ' ಎಂದು ಹೇಳಿಕೊಳ್ಳಲು ಅವರಿಂದ ಆಗಲಿಲ್ಲ. ಆಸನ ಕೈಗೆ ಎಟುಕಿತ್ತು. ಹೇಳಿಕೊಳ್ಳುವ ಮಾತು ಎಟುಕಲಿಲ್ಲ. ನಾಲ್ಕು ಮಂದಿಯ ಮುಂದೆ ಇದ್ದ ಹಾಗೆ ಹೇಳಲಾಗದ ಸುಖ ನಮಗೆ ಸಲ್ಲುವುದಿಲ್ಲ ಎಂಬುದೇ ನನಗೆ ಇದರಲ್ಲಿ ಕಂಡ ಅಳತೆ. ಮರುವರ್ಷವೇ ಬ್ಯೂನಸ್ ಐರಿಸ್‌ನಿಂದ ಎಪ್ಪತ್ತಾರರ ಕಾರ್ಡಿನಲ್ ಬೆರ್ಗೋಲಿಯೋ ಸಾಮಾನ್ಯ ದರ್ಜೆಯಲ್ಲಿ ಕುಳಿತು ರೋಮಿಗೆ ಬಂದು ಪೋಪ್ ಫ್ರಾನ್ಸಿಸ್ ಆದರು. ಅದನ್ನು ಕೇಳಿ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ ಹಿಂದಿನ ಆಸನದಲ್ಲಿ ಕುಳಿತ ಫೋಟೋ ತೆಗೆಸಿಕೊಂಡು ಊರಿಗೆಲ್ಲ ಕಳುಹಿಸುವವರನ್ನೂ ನಾನು ನೋಡಿದ್ದೇನೆ.

ಇಷ್ಟು ಬರೆದ ಮೇಲೆ ನನ್ನದನ್ನೂ ಹೇಳಿಕೊಳ್ಳದೆ ಗತ್ಯಂತರವಿಲ್ಲ. ಹಲವು ವರ್ಷಗಳ ಹಿಂದೆ ಯೂರೋಪಿನ ಒಂದು ಧರ್ಮಕೇಂದ್ರದಲ್ಲಿ ಬೇಸಿಗೆಯ ಸೇವೆ ಮುಗಿಸಿ ಹಿಂದಿರುಗುವಾಗ ಸಂಬಂಧಿಯೊಬ್ಬರು ನನಗೆ ಬಿಸಿನೆಸ್ ಕ್ಲಾಸ್ ಟಿಕೆಟ್ ಕೊಡಿಸಿದರು. ಸುಖವಾಗಿ ನಿದ್ರಿಸಿದೆ. ಮರುದಿನ ಬಲಿಪೂಜೆಯ ಬಳಿಕ ಜನ ಬಂದು 'ಪ್ರಯಾಣದಲ್ಲಿ ಕಷ್ಟವಾಯಿತೇ ಫಾದರ್?' ಎಂದು ಕೇಳಿದಾಗ, 'ಏನು ಮಾಡುವುದು, ದೂರದ ದಾರಿಯಲ್ಲವೇ' ಎಂದೆ. ಸುಳ್ಳು ಹೇಳಿರಲಿಲ್ಲ ಎಂದು ವಾದಿಸಬಹುದು. ಆದರೆ ಕೇಳಿದವರಲ್ಲಿ ರಬ್ಬರ್ ಟ್ಯಾಪಿಂಗಿಗೆ ನಸುಕಿನಲ್ಲಿಯೇ ಏಳುವವರಿದ್ದರು. ನನ್ನ ಬಳಲಿಕೆಗಾಗಿ ಅವರು ಮರುಕಪಟ್ಟರು. ನಾನು ಆ ಮರುಕವನ್ನು ಸ್ವೀಕರಿಸಿದೆ.

ದರ್ಜೆಯ ಗೀಳು ವಿಮಾನದವರದು ಮಾತ್ರವಲ್ಲ. ಯೂರೋಪಿನ ಹಲವೆಡೆ ಒಂದು ಕಾಲದಲ್ಲಿ ಶವಸಂಸ್ಕಾರಕ್ಕೂ ದರ್ಜೆಗಳಿದ್ದವು; ಕೊಟ್ಟ ಹಣಕ್ಕೆ ತಕ್ಕಷ್ಟು ಮೇಣದ ಬತ್ತಿ, ತಕ್ಕಷ್ಟು ಗಂಟೆ. ಪೂಜಾವಿಧಿಯಲ್ಲಿ ವ್ಯಕ್ತಿಗಳಿಗೆ, ಅಂತಸ್ತುಗಳಿಗೆ ವಿಶೇಷ ಮರ್ಯಾದೆ ಸಲ್ಲದೆಂದು ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಬರೆದಿಡಬೇಕಾಯಿತು. ಚಿನ್ನದುಂಗುರದವನಿಗೆ ಒಳ್ಳೆಯ ಆಸನ, ಬಡವನಿಗೆ ಕಾಲ ಬಳಿಯ ನೆಲ ತೋರಿಸುವವರನ್ನು ಸಂತ ಯಕೋಬನು ಗದರಿಸಿದ್ದು ಮೊದಲ ಶತಮಾನದಲ್ಲಿ. ವಾರ್ಷಿಕ ಹಬ್ಬದ ದಿನ ನಮ್ಮ ಚರ್ಚುಗಳ ಮುಂದಿನ ಸಾಲಿಗೆ ಬಿಳಿಬಟ್ಟೆ ಹೊದಿಸಿದ ಕುರ್ಚಿಗಳನ್ನು ಯಾರು ಇಡಿಸುತ್ತಾರೆ? ನಾವೇ, ಗುರುಗಳು! ಸುಧಾ ಮೂರ್ತಿಯವರು 2017ರಲ್ಲಿ ಪ್ರಕಟವಾದ ತಮ್ಮ ಪುಸ್ತಕದಲ್ಲಿ ಲಂಡನ್ ವಿಮಾನ ನಿಲ್ದಾಣದ ಪ್ರಸಂಗವೊಂದನ್ನು ಬರೆದಿದ್ದಾರೆ. ಸಾದಾ ಉಡುಪಿನಲ್ಲಿ ಬಿಸಿನೆಸ್ ಕ್ಲಾಸ್ ಸಾಲಿನಲ್ಲಿ ನಿಂತಿದ್ದ ಅವರಿಗೆ, ಪಕ್ಕದ ಮಹಿಳೆಯೊಬ್ಬರು ಅದು ಅವರ ಸಾಲಲ್ಲವೆಂದು ಹೇಳಿ, ಹಿಂದಿನ ದರ್ಜೆಯವರನ್ನು ದನಗಳಿಗೆ ಹೋಲಿಸಿ ಹೀಗಳೆದರಂತೆ. ಅವರ ಕೈಯಲ್ಲಿ ಆ ಸಾಲಿನ ಟಿಕೆಟ್ಟೇ ಇತ್ತು. ಇಲ್ಲದಿದ್ದರೆ ಆ ಮಾತು ಸರಿಯಾಗುತ್ತಿತ್ತೇ?

ಮರುವಾರ ಆ ತಾಯಿಯ ಮನೆಗೆ ಹೋದೆ. ನನ್ನ ಅವಸರದ ಉತ್ತರಕ್ಕೆ ಕ್ಷಮೆ ಕೇಳಿ, "ಅಮ್ಮ, ಮೊದಲು ಮಗಳ ಹತ್ತಿರ ನಿಜವಾದ ಬೆಲೆ ಕೇಳಿ. ಅವಳು ಬಾಯಿಬಿಟ್ಟು ಹೇಳಲಿ. ಆಮೇಲೆ ಹೋಗುವುದೋ ಬಿಡುವುದೋ ನೋಡುವ" ಎಂದೆ. "ಎಷ್ಟು ರಾತ್ರಿ ಪಾಳಿ ಮಾಡಿದ್ದಾಳೋ ಏನೋ ಫಾದರ್, ಅದು ಗೊತ್ತಾದರೆ ನನಗೆ ನಿದ್ರೆ ಬಂದೀತೇ?" ಎಂದರು. ಆದರೂ ಅಂದು ರಾತ್ರಿ ಫೋನಿನಲ್ಲಿ ಕೇಳಿದರಂತೆ.

ಮಗಳು ಸ್ವಲ್ಪ ಹೊತ್ತು ಸುಮ್ಮನಿದ್ದು ಬೆಲೆ ಹೇಳಿದಳು. ಸಾಲವಲ್ಲ, ಕಂತೂ ಅಲ್ಲ. ನಾಲ್ಕು ವರ್ಷಗಳ ಹಿಂದೆ ತಂದೆ ತೀರಿಹೋದಾಗ ಅವಳಿಗೆ ಬರಲಾಗಿರಲಿಲ್ಲ. ಮಣ್ಣು ಕೊಡುವುದನ್ನು ಮೊಬೈಲಿನಲ್ಲಿ ನೋಡಿದವಳು. ಮುಂದೆ ಅಮ್ಮ ಒಮ್ಮೆ ತನ್ನಲ್ಲಿಗೆ ಬರುವಾಗ ಕಾಲು ನೋಯದಂತೆ ಕರೆಸಿಕೊಳ್ಳಬೇಕೆಂದು ಆ ತಿಂಗಳಿನಿಂದಲೇ ಬೇರೆ ತೆಗೆದಿಟ್ಟ ಹಣ ಅದು. ಹೇಳಿದರೆ ಅಮ್ಮ ಒಪ್ಪುವುದಿಲ್ಲವೆಂದು ಉಚಿತವೆಂಬ ಸುಳ್ಳು ಹೇಳಿದ್ದಳು.

ತಾಯಿ ಹೋಗಲು ಒಪ್ಪಿದ್ದಾರೆ. ನೆರೆಹೊರೆಯವರು ಕೇಳಿದರೆ ಟಿಕೆಟ್ಟಿನ ಬೆಲೆಯನ್ನೂ ಅದರ ಕಾರಣವನ್ನೂ ಅವರೇ ಹೇಳುತ್ತಿದ್ದಾರೆ. ಆದರೆ ಮಂಗಳೂರಿನ ವಿಮಾನ ನಿಲ್ದಾಣಕ್ಕೆ ಬಾಡಿಗೆ ಕಾರು ಬೇಡ, ಬೆಳಗಿನ ಬಸ್ಸು ಸಾಕು ಎಂದು ಹಟ ಹಿಡಿದಿದ್ದಾರೆ. ಉಪ್ಪಿನಕಾಯಿಯ ಭರಣಿ, ಬಾಣಂತಿಗೆ ಮಾಡಿದ ಲೇಹ್ಯ ಇವುಗಳ ಜೊತೆಗೆ ಬಸ್ಸಿನಲ್ಲಿ ಹೋಗುವುದು ಹೇಗೆಂದು ಅಳಿಯನ ಮನೆಯವರು ನನ್ನ ಬಳಿ ದೂರು ತಂದಿದ್ದಾರೆ. ಈ ಬಾರಿ ನಾನು ಅವಸರದಲ್ಲಿ ಉತ್ತರ ಕೊಟ್ಟಿಲ್ಲ.