ಮರೆತವರ ‘ಬ್ಯಾಡ’

2016ರಲ್ಲಿ ಅಮೆರಿಕದ ಎಂಐಟಿಯ ಲೀ-ಹ್ವೇ ತ್ಸಾಯ್ ತಂಡ, ಅಲ್ಜೈಮರ್ ಬರುವಂತೆ ಬೆಳೆಸಿದ ಇಲಿಗಳಿಗೆ ಸೆಕೆಂಡಿಗೆ 40 ಸಲ ಮಿನುಗುವ ಬೆಳಕನ್ನು ಒಂದು ತಾಸು ತೋರಿಸಿತು. ಮಿದುಳಿನ ದೃಷ್ಟಿಭಾಗದಲ್ಲಿ ಅಮಿಲಾಯ್ಡ್ ಪ್ರೋಟೀನ್ ಇಳಿಯಿತು; ಉರಿಯೂತದಲ್ಲಿ ಪಾತ್ರವಿರುವ ಮೈಕ್ರೋಗ್ಲಿಯಾ ಕೋಶಗಳು ಅದನ್ನು ನುಂಗುತ್ತಿರುವ ಕುರುಹು ಕಂಡಿತು. ಮನುಷ್ಯರಲ್ಲಿ ಇದಿನ್ನೂ ಪರೀಕ್ಷೆಯ ಹಂತ.

ಬನಹಟ್ಟಿಯಲ್ಲಿ ಮಗ್ಗದ ಸದ್ದಿನ ನಡುವೆಯೇ ಬದುಕಿದ ನನ್ನ ಅವ್ವನಿಗೀಗ ನನ್ನ ಹೆಸರು ನೆನಪಿಲ್ಲ. ಬೆಂಗಳೂರಲ್ಲಿ ಕೂತು ಅಂಥದೊಂದು ದೀಪ ತರಿಸೋದು ನನಗೆ ಸುಲಭ. ಆದರೆ ಅದರ ಮುಂದೆ ದಿನಾ ಕೂರಬೇಕಾದವಳು ಅವ್ವ. “ಕಣ್ಣಿಗೆ ಚುಚ್ಚತೈತಿ, ಬ್ಯಾಡೋ” ಅಂದರೆ?

ನೆನಪು ಹೋದವರ ‘ಬ್ಯಾಡ’ವೂ ‘ಬ್ಯಾಡ’ವೇ. ಖಾತ್ರಿಯಾದ ಔಷಧಿಯಾಗಿದ್ದರೆ ಒತ್ತಾಯ ಮಾಡುತ್ತಿದ್ದೆನೇನೋ. ಬರೀ ನನ್ನ ಆಸೆಗೆ ಅವಳ ಕಣ್ಣನ್ನು ಒತ್ತೆ ಇಡಲಾರೆ.